ಹೊಂಡಕ್ಕೆ ಉಣಿಸುವವರು

ಒಂದೂರಿಗೆ ಒಬ್ಬ ರಾಜ, ರಾಜನಿಗೊಂದು ವೈರಿ, ಆ ವೈರಿ ಒಂದು ಹೊಂಡ. ಕಾಲ ಬಹಳ ಹಿಂದಿನದಲ್ಲ, ಗದಗ ಹೊಸ ಜಿಲ್ಲೆಯಾದ ಮೇಲಿನದು. ರಾಜನ ಹೆಸರು ಅಂದಪ್ಪ. ಬೆಟಗೇರಿಯ ಹೊರಗೆ ಸುಣ್ಣ ಬಳಿದ ಕಲ್ಲು ನೆಟ್ಟು ಅಳೆದಿಟ್ಟ ಪ್ಲಾಟುಗಳೇ ಅವನ ರಾಜ್ಯ. ವೈರಿ ಅದರ ನಡುವೆಯೇ ಕೂತಿತ್ತು, ಮೈತುಂಬ ಹಸಿರು ಪಾಚಿ ಹೊದ್ದು.

“ಈ ಸಲನೂ ಇಲ್ರಿ,” ಎಂದರು ನೀರು ಪರೀಕ್ಷಿಸುವ ಅಧಿಕಾರಿ ಫಿಜಾ. “ಸಾರಜನಕ, ರಂಜಕ ಎರಡೂ ಮಿತಿ ದಾಟ್ಯಾವ. ಅವು ಪಾಚಿಗೆ ಊಟ ಇದ್ದಂಗ. ಇದರ ಮ್ಯಾಲೆ ನಿಮ್ಮ ಮನಿಗಳ ಬಚ್ಚಲ ನೀರೂ ಸೇರಿದ್ರ ಹೊಂಡ ಸತ್ತ ಹೋಗತೈತಿ. ನೀರು ತಿಳಿ ಆಗೂತನಾ ಲೇಔಟಿಗೆ ಪರವಾನಗಿ ಇಲ್ಲ.”

“ಮಳಿ ಬಂದ್ರ ತೊಳಕೊಂಡ ಹೋಗತೈತಿ ಬಿಡ್ರಿ ಮೇಡಂ.”

“ಎಲ್ಲಿಗೆ ಹೋಗತೈತ್ರಿ? ಇದೇನ ಹೊಳಿ ಏನು? ನಿಂತ ನೀರು. ಕೊಟ್ಟಿದ್ದೆಲ್ಲಾ ಇಟ್ಕೊಂಡ ಕುಂಡರತೈತಿ. ಯಾರೋ ಇದಕ್ಕ ಉಣಿಸಾಕತ್ತಾರ, ಮೊದಲ ಅದನ್ನ ನಿಲ್ಲಸ್ರಿ.”

ಯಾರು ಎಂದು ಅಂದಪ್ಪ ಕೇಳಲಿಲ್ಲ. ದೀಪಾವಳಿಯೊಳಗೆ ಪರವಾನಗಿ ಬರದಿದ್ದರೆ ಹೊಲ ಕೊಟ್ಟವರು ಕರಾರು ಮುರಿಯುತ್ತಾರೆ, ಅವನು ಬೀದಿಪಾಲು. ಅವನ ಕಣ್ಣು ಆಗಲೇ ದಂಡೆಗೆ ನೆಟ್ಟಿತ್ತು. ಅಲ್ಲಿ ಮುತ್ತವ್ವ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಕೊಟ್ಟಿಗೆಯ ಅಂಗೈಯಗಲ ಜಾಗವನ್ನು ಮಾರಲಾರೆನೆಂದು ಅವನ ಮುಖಕ್ಕೆ ಹೊಡೆದಂತೆ ಹೇಳಿದ್ದ ಮುದುಕಿ.

“ನಿನ್ನ ಎಮ್ಮಿ ಸಗಣಿ ನನ್ನ ಮನಿ ಮುರಿಯಾಕತ್ತೈತಿ!”

“ಬಾಯಿ ಬಿಗಿ ಹಿಡದ ಮಾತಾಡೋ. ನನ್ನ ಎಮ್ಮಿ ಹೊಂಡಕ್ಕ ಕೊಡೂದಕ್ಕಿಂತ ನಿನ್ನ ಮನಿಗೆ ದಿನಾ ಹಾಲ ಕೊಡೂದ ಹೆಚ್ಚು. ಉಂಡ ಮನಿ ಗಳ ಎಣಸಬ್ಯಾಡ.”

ಮರುದಿನವೇ ಹೊಂಡದ ಸುತ್ತ ಮುಳ್ಳುತಂತಿ ಬಿತ್ತು. ಗೇಟಿನ ಕೀಲಿ ಅಂದಪ್ಪನ ಮನೆಯ ಮೊಳೆಗೆ ಬಂತು. ಎಮ್ಮೆಗಳು ಬಾಯಾರಿ ಊರ ತೊಟ್ಟಿಯ ತನಕ ನಡೆದವು. ಮುತ್ತವ್ವ ಅವನ ಹೆಸರಿಗೆ ಮಣ್ಣು ತೂರಿದಳು. ಅವನ ಮನೆಗೆ ಹಾಲು ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಇದರಲ್ಲೇನೋ ಕಳ್ಳಾಟವಿದೆ ಎನ್ನಿಸಿತು ಅವನಿಗೆ.

ಅಂದೂ ಚಹಾ ಕಪ್ಪಗೇ ಬಂತು.

“ಹಾಲು ಒಡೀತ್ರಿ,” ಎಂದಳು ಹೆಂಡತಿ ದ್ರಾಕ್ಷಾಯಣಿ. ತುಂಗಭದ್ರೆಯ ದಂಡೆಯ ಹಮ್ಮಿಗಿಯ ಹೆಣ್ಣು ಅವಳು. “ನಾಳಿಂದ ಹೆಚ್ಚಿಗೆ ಹಾಕಸ್ಕೋತೀನಿ.”

“ದಿನಾ ಒಡದ ಹಾಲ ಕೊಡತಾಳ, ಹಲ್ಕಾ ಮುದಕಿ!” ಅಂದಪ್ಪ ಚಹಾದ ಬಸಿ ಕುಕ್ಕಿದ.

ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಅಂಗಳ ತೊಳೆದಿರಬೇಕು.

“ಪರವಾನಗಿ ಬರಲಿಲ್ಲೇನ್ರಿ?”

“ಇಲ್ಲ.”

“ಹಂಗಾರ ನಾನೂ ಬಿಡಂಗಿಲ್ಲ,” ಎಂದಳು ಹಲ್ಲು ಕಚ್ಚಿ. ತನ್ನ ಪರವಾಗಿ ಸಿಟ್ಟಾಗಲು ಒಂದು ಜೀವವಾದರೂ ಇದೆಯಲ್ಲ ಎಂದು ಅಂದಪ್ಪನಿಗೆ ಹಾಯೆನಿಸಿತು.

ಮುಂದಿನ ಪರೀಕ್ಷೆಯಲ್ಲಿ ನೀರು ಇನ್ನೂ ಕೆಟ್ಟಿತ್ತು.

“ಎಮ್ಮಿ ಹೋದ್ವು, ಊಟ ಹೆಚ್ಚಾತಲ್ರಿ!” ಎಂದರು ಫಿಜಾ. ನೆರೆದವರು ನಕ್ಕರು. ಎಲ್ಲರಿಗಿಂತ ಜೋರಾಗಿ ಮುತ್ತವ್ವ.

ಅಂದಪ್ಪ ಗಡಿಕಲ್ಲು ಮುಟ್ಟಿದ. “ಈ ಹೊಂಡಕ್ಕ ಉಣಿಸೂ ಕೈಯನ್ನ ನಾನ ಹಿಡೀತೀನಿ. ಅವರು ಸಗಣಿ ತರೂ ಕೊಡಾ ಅವರ ತಲಿ ಮ್ಯಾಲೇನ ಬೋರಲ ಹಾಕಲಿಲ್ಲಂದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ!”

“ಹಾಕಪಾ, ಹಾಕು,” ಎಂದಳು ಮುತ್ತವ್ವ. “ಆವಾಗ ಕೈ ನಡುಗಬಾರದು ನೋಡು.”

ಮರುದಿನ ಕೋಳಿ ಕೂಗುವ ಮೊದಲೇ ಅವನು ಹೊಂಡದ ಬಳಿ ಜಾಲಿಕಂಟಿಯ ಮರೆಯಲ್ಲಿ ಕೂತಿದ್ದ. ಮಬ್ಬುಗತ್ತಲಲ್ಲಿ ಗೇಟು ಕಿರ್ರೆಂದಿತು. ಬೀಗ ಮುರಿದಳೇ, ರಂಡೆ ಮುದುಕಿ? ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಟೊಂಕದ ಮೇಲೆ ಕೊಡ ಇಟ್ಟುಕೊಂಡು ದಂಡೆಗಿಳಿದಳು. ಅಂದಪ್ಪ ಹಿಂದಿನಿಂದ ನುಗ್ಗಿದ. ಕೊಡ ಕಸಿದ. ಅವಳ ತಲೆಯ ಮೇಲೆಯೇ ಬೋರಲು ಹಾಕಿದ. ಕೈ ನಡುಗಲಿಲ್ಲ. ಆಡಿದ ಮಾತು ಉಳಿಯಿತು.

ಸಗಣಿಯ ನಾತ ಬರಲಿಲ್ಲ. ಸೆರಗಿನಿಂದ ಬೆಳ್ಳಗೆ ಹಾಲು ಸೋರಿ, ಕಲ್ಲುಗಳ ಮೇಲೆ ಹರಿದು, ಹೊಂಡಕ್ಕಿಳಿಯುತ್ತಿತ್ತು.

“ಏನ್ರಿ ಇದು?” ಎಂದು ತಿರುಗಿದಳು ದ್ರಾಕ್ಷಾಯಣಿ. “ನಮ್ಮ ಹಮ್ಮಿಗ್ಯಾಗ ಗಂಗವ್ವಗ ಹಾಲ ಎರದ್ರ ಬೇಡಿದ್ದ ಆಗತೈತಿ, ನಿಮ್ಮ ಪರವಾನಗಿ ಬರೂತನಾ ದಿನಾ ಎರೀತೀನಂತ ಹರಕಿ ಹೊತ್ತೀನ್ರಿ!”