ಬೇಕಂತಲೇ ಒಂದು ತಪ್ಪು

ಹೊಸದಾಗಿ ಎಳೆದ ಕೇಬಲ್ಲಿನಲ್ಲಿ ಮಾಹಿತಿ ಕೆಡದೆ ಹೋಗಿಬರುತ್ತದೆಯೇ ಎಂದು ಪರೀಕ್ಷಿಸುವ ಯಂತ್ರದ ಮುಂದೆ ಚಿದಂಬರ ಬೆಳಗಿನಿಂದ ಕೂತಿದ್ದ. ತಪ್ಪುಗಳ ಲೆಕ್ಕ ತೋರಿಸುವ ಪರದೆಯಲ್ಲಿ ಸೊನ್ನೆ ಕದಲಿರಲಿಲ್ಲ.

ಸಂಜೆ ಬಂದ ಮೇಲಧಿಕಾರಿಗೆ ಆ ಸೊನ್ನೆಯೇ ಅನುಮಾನ ತಂದಿತು. "ಬೇಕಂತಲೇ ಒಂದು ತಪ್ಪು ಕಳಿಸಿ ನೋಡಿದ್ರೇನ್ರೀ?"

ಚಿದಂಬರ ಗುಂಡಿ ಒತ್ತಿ ಒಂದು ತಪ್ಪು ಕಳಿಸಿದ. ಒಂದಾಗಬೇಕಿದ್ದ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಬೆಳಿಗ್ಗೆ ವೈರು ಸಿಕ್ಕಿಸುವಾಗ ಹೆಂಡತಿಯ ಫೋನು ಬಂದಿತ್ತು. ಅವಳ ಮಾತಿಗೆ ಹ್ಞೂಂಗುಡುತ್ತಾ, ಎಣಿಕೆ ಶುರುಮಾಡುವುದನ್ನೇ ಮರೆತಿದ್ದ. ದಿನವಿಡೀ ಯಂತ್ರ ಏನನ್ನೂ ಎಣಿಸಿರಲಿಲ್ಲ. ಅಧಿಕಾರಿ ಬೈಯದೆ ಹೊರಟುಹೋದದ್ದು ಅವನನ್ನು ಇನ್ನಷ್ಟು ಚುಚ್ಚಿತು.

ಎಲ್ಲವನ್ನೂ ಮೊದಲಿನಿಂದ ಜೋಡಿಸಿ, ಈ ಸಲ ಮರೆಯದೆ ಎಣಿಕೆ ಶುರುಮಾಡಿ, ಹೆಂಡತಿಗೆ ಫೋನು ಮಾಡಿ ತೋಡಿಕೊಂಡ.

"ಒಂದು ತಪ್ಪು ಕಳಿಸಿ ನೋಡಿದ್ರೆ ಸಾಕಿತ್ತು ಕಣೇ. ಅದೂ ಗೊತ್ತಾಗ್ಲಿಲ್ಲ ಅಂದ್ರೆ ಮಷೀನಿಗೆ ಗಮನವೇ ಇಲ್ಲ ಅಂತ."

"ಹೌದಾ," ಎಂದಳು ಅವಳು. ಆಮೇಲೆ ಮನೆಯ ಸುದ್ದಿ ಹೇಳತೊಡಗಿದಳು. ಗ್ಯಾಸು ಬಂತು, ನಲ್ಲಿ ಸರಿಮಾಡುವವನು ಇವತ್ತೂ ಕೈಕೊಟ್ಟ. ಚಿದಂಬರನ ಕಣ್ಣು ಪರದೆಯ ಮೇಲೇ ಇತ್ತು. ಇನ್ನೊಮ್ಮೆ ತಪ್ಪಾಗಬಾರದು.

"ಹ್ಞೂಂ," ಎಂದ. "ಹ್ಞೂಂ."

"ಮಧ್ಯಾಹ್ನ ನಿಮ್ಮಮ್ಮ ಬಂದಿದ್ರು. ಊಟ ಮಾಡ್ಕೊಂಡು ಹೋದ್ರು."

"ಹ್ಞೂಂ. ಒಳ್ಳೇದಾಯ್ತು ಬಿಡು."

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ರೀ," ಎಂದಳು ಕೊನೆಗೆ, "ಬೆಳಿಗ್ಗೆ ನಾನು ಫೋನ್ ಮಾಡಿದ್ದು, ನಾಳೆ ನಿಮ್ಮಮ್ಮನ ತಿಥಿಗೆ ಬರ್ತೀರಾ ಅಂತ ಕೇಳೋಕೆ."