ಇಪ್ಪತ್ತಡಿ ಸಾಹೇಬರು

ಫ್ಲೆಕ್ಸ್ ಅಂಗಡಿಯಲ್ಲಿ ಫಿಲೋಮಿನಾಳ ಕಂಪ್ಯೂಟರಿನಿಂದ ಪ್ರಿಂಟಿಂಗ್ ಮಷೀನಿನ ಕಂಪ್ಯೂಟರಿಗೆ ಹತ್ತೇ ಹೆಜ್ಜೆ. ಆದರೂ ಫೈಲ್ ತುಂಬು ಬಸುರಿಯ ಹಾಗೆ ನಡೆದು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು.

"ಇನ್ನೂ ಎಷ್ಟೊತ್ತಕ್ಕಾ?" ಐದನೇ ಸಲ ಕೇಳಿದ ತಿಪ್ಪೇಶ. ಅವನ ಶಾಸಕ ಸಾಹೇಬರು ಮಂತ್ರಿಯಾಗುವುದು ಖಾತ್ರಿಯಾಗಿತ್ತು. ಸಂಜೆಯೊಳಗೆ ಸರ್ಕಲ್ಲಿನಲ್ಲಿ 'ನೂತನ ಸಚಿವರಿಗೆ ಅಭಿನಂದನೆ' ಬ್ಯಾನರ್ ಏಳಬೇಕಿತ್ತು.

"ಹಳೇ ಕೇಬಲ್ಲು ತಿಪ್ಪೇಶಣ್ಣ. ಇರ್ಲಿ ಬಿಡಿ, ಅಷ್ಟೊತ್ತಿಗೆ ಏನಾದ್ರೂ ಬದಲಾವಣೆ ಇದ್ರೆ ಗೊತ್ತಾಗುತ್ತೆ." ಹತ್ತು ವರ್ಷದಲ್ಲಿ ಅವಳು ಎಷ್ಟೋ ಸಾಹೇಬರನ್ನು ಬ್ಯಾನರಿನಲ್ಲಿ ಕೂರಿಸಿ, ಮತ್ತೆ ಅಳಿಸಿಹಾಕಿದ್ದಳು.

"ಎಂಥ ಬದಲಾವಣೆ ಅಕ್ಕಾ? ಬೆಳಗ್ಗಿಂದ ಟೀವೀಲಿ ಸಾಹೇಬ್ರ ಮುಖಾನೇ ಬರ್ತೈತೆ!"

ಅವನು ಪಕ್ಕದ ಅಂಗಡಿಗೆ ಓಡಿ ಹೊಸ ಕೇಬಲ್ ತಂದು, ತಾನೇ ಮೇಜಿನಡಿ ನುಸುಳಿ, ಹಳೆಯದನ್ನು ಕಿತ್ತು ಅಲ್ಲೇ ಬಿಟ್ಟು, ಹೊಸದನ್ನು ಚುಚ್ಚಿದ. ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ದಾಟಿತು. ಮಷೀನು ಇಪ್ಪತ್ತಡಿ ಸಾಹೇಬರನ್ನು ಕೈಮುಗಿದ ಭಂಗಿಯಲ್ಲಿ ಹೊರಗೆ ಬಿಟ್ಟಿತು.

ಅಷ್ಟರಲ್ಲಿ ತಿಪ್ಪೇಶನ ಫೋನ್ ಬಡಿದುಕೊಂಡಿತು. ಕೇಳುತ್ತಾ ಕೇಳುತ್ತಾ ಅವನ ಮುಖ ಬಾಡಿತು.

"ಪಟ್ಟಿಯಿಂದ ಸಾಹೇಬ್ರ ಹೆಸರು ಕೈಬಿಟ್ರಂತೆ ಅಕ್ಕಾ."

ಫಿಲೋಮಿನಾ ಬ್ಯಾನರನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಈಗೇನ್ ಮಾಡೋಣ?"

"'ಸಾಹೇಬರಿಗೆ ಅನ್ಯಾಯ, ಹೈಕಮಾಂಡಿಗೆ ಧಿಕ್ಕಾರ' ಅಂತ ಇನ್ನೊಂದು ಮಾಡಿ!" ಅವನು ಹಲ್ಲು ಕಡಿದ.

ಅವಳು ಮಾಡಿದಳು. ಇನ್ನೇನು ಕಳಿಸಬೇಕು ಎನ್ನುವಾಗ ನೋಡಿದರೆ ಅವನು ಮತ್ತೆ ಮೇಜಿನಡಿ ನುಸುಳಿದ್ದ.

"ತಡೀರಿ ಅಕ್ಕಾ, ಇದನ್ನ ಹಳೇ ಕೇಬಲ್ಲಲ್ಲೇ ಕಳ್ಸೋಣ."