ಹತ್ತು ನಿಮಿಷದ ಸ್ಲೈಡುಗಳು

ಆ ಊರಿನ ಆರೋಗ್ಯ ಕೇಂದ್ರಕ್ಕೆ ನೀಲಾಂಬಿಕಾ ಒಬ್ಬಳೇ ನರ್ಸು. ಇನ್ನೊಬ್ಬಳನ್ನು ಕೊಡಿ ಎಂದು ಮೂರು ವರ್ಷ ಅರ್ಜಿ ಬರೆದು ಬರೆದು ಸೋತಿದ್ದಳು. ಈ ಸಲ ಜಿಲ್ಲಾ ಸಭೆಯಲ್ಲಿ ಮಾತಾಡಲು ಹತ್ತು ನಿಮಿಷ ಸಿಕ್ಕಿದ್ದೇ ತಡ, ಮಗಳ ಲ್ಯಾಪ್‌ಟಾಪಿನಲ್ಲಿ ಸ್ಲೈಡು ಮಾಡಲು ಕಲಿತಳು. ಕೋಷ್ಟಕಗಳನ್ನೆಲ್ಲ ಅಳಿಸಿ, ಸ್ಲೈಡಿಗೊಂದು ಫೋಟೊ, ಕೆಳಗೆ ಒಂದೇ ಸಾಲು ಇಟ್ಟಳು.

ಅವಳಿಗಿಂತ ಮುಂಚೆ ಮಾತಾಡಿದವರು ಅಕ್ಷರ ಕಿಕ್ಕಿರಿದ ಸ್ಲೈಡುಗಳನ್ನು ಹಾಗೇ ಓದಿ ಹೇಳಿದರು. ಅಧಿಕಾರಿಗಳು ಮೊಬೈಲು ನೋಡುತ್ತ ಕೂತಿದ್ದರು. ನೀಲಾಂಬಿಕಾ ಎದ್ದು ಬಂದು ಅಕ್ಕಪಕ್ಕದ ಎರಡು ಹೆರಿಗೆ ಮಂಚಗಳ ಫೋಟೊ ತೋರಿಸಿದಳು.

"ಒಂದೇ ಹೊತ್ತಿಗೆ ಇಬ್ರೂ ನರಳಾಕತ್ತಾರ್ರಿ. ನಾ ಯಾರ ಕಡೆ ಓಡ್ಲಿ, ನೀವ ಹೇಳ್ರಿ ಸಾಹೇಬ್ರ."

ಮೊಬೈಲುಗಳು ಒಂದೊಂದಾಗಿ ಕಿಸೆ ಸೇರಿದವು.

ಮುಗಿದಾಗ ಹಿರಿಯ ಅಧಿಕಾರಿಯೇ ಎದ್ದು ಚಪ್ಪಾಳೆ ತಟ್ಟಿದರು.

"ಇದನ್ನ ಯಾರ ಕಡೆ ಮಾಡಿಸಿದ್ರಿ ಸಿಸ್ಟರ್?"

"ನಾನ ಮಾಡೀನ್ರಿ."

"ಭಾಳ ಚಲೋ ಆಗೇದ. ನಿಶ್ಚಿಂತಿಯಿಂದ ಊರಿಗೆ ಹೋಗ್ರಿ. ಹದಿನೈದು ದಿನದಾಗ ಆರ್ಡರ್ ಬರ್ತದ."

ಊರಿಗೆ ಬಂದವಳೇ ಹೊಸ ನರ್ಸಿಗೆಂದು ಒಂದು ಕುರ್ಚಿ ಒರೆಸಿಟ್ಟಳು. ತಪಾಸಣೆಗೆ ಬಂದ ಬಸುರಿಯರಿಗೆಲ್ಲ, ಇನ್ನು ಹೆದರಬೇಡಿ ಎಂದು ಧೈರ್ಯ ಹೇಳಿದಳು. ಹನ್ನೆರಡನೆಯ ದಿನ ಆರ್ಡರ್ ಬಂದೇಬಿಟ್ಟಿತು. ಲಕೋಟೆ ಒಡೆದು ನಿಂತಲ್ಲೇ ಓದಿದಳು:

"ಶ್ರೀಮತಿ ನೀಲಾಂಬಿಕಾ, ಶುಶ್ರೂಷಕಿ, ಇವರನ್ನು ಸಭೆಗಳಿಗೆ ಸ್ಲೈಡು ಸಿದ್ಧಪಡಿಸುವ ಕೆಲಸಕ್ಕಾಗಿ ತಕ್ಷಣದಿಂದ ಜಿಲ್ಲಾ ಕಚೇರಿಗೆ ವರ್ಗಾಯಿಸಿ ಆದೇಶಿಸಲಾಗಿದೆ."